ಮೀಠ

ಮದುವೆಯಾಗಿ ಹನ್ನೊಂದನೆಯ ದಿನ
ಬಾವಿಕಟ್ಟೆಯಿಂದ ಅತ್ತೆ ಕೂಗಿದರು:
'ಹುಮಣಾಂತ ಮೀಠ ಘಾಲ ಗೋ!'

ನಾನು ಸಾಣಿಕಟ್ಟೆಯವಳು.
ಕೊಂಕಣಿ ಅಂದರೆ ಗೋಕರ್ಣದ ಪೇಟೆಯಲ್ಲಿ
ಅರ್ಧ ಕಿವಿಗೆ ಬಿದ್ದದ್ದು, ಅಷ್ಟೇ.
ಹಿಂದಿ ಮಾತ್ರ ಟೀವಿಯ ಕೃಪೆ, ಚೆನ್ನಾಗಿ ಬರುತ್ತಿತ್ತು.
ಮೀಠಾ ಅಂದರೆ ನನಗೆ ಗೊತ್ತಿಲ್ಲವೇ?
ಲಾಡು ತಿನ್ನಿಸುವಾಗ ಧಾರಾವಾಹಿಯ ಅತ್ತೆಯರೆಲ್ಲ
ಅದನ್ನೇ ಹೇಳುವುದು.

ಕೇಳಲು ನಾಚಿಕೆ. ಊರಿಗೊಂದು ರುಚಿ,
ಕೋಡಿಬಾಗದ ಮೀನಿಗೆ ಬೆಲ್ಲವೂ ಇದ್ದೀತು ಎಂದು
ಎರಡು ಉಂಡೆ
ಕುದಿಯುವ ಬಂಗುಡೆಯ ಮೇಲೆ ಬಿಟ್ಟೆ.
ಜುಮ್ಮನಕಾಯಿಯ ಘಾಟಿನ ನಡುವಿನಿಂದ
ತೆಳ್ಳಗೆ ಪಾಯಸದ ವಾಸನೆ ಎದ್ದಿತು.
ಆಗಲೂ ಅನುಮಾನ ಬರಲಿಲ್ಲ ನೋಡಿ.

ಮಾವ ಒಂದು ತುತ್ತು ತಿಂದು ಕಿಟಕಿಯ ಕಡೆ ನೋಡಿದರು.
ಮೈದುನ ಸುದೇಶ ಗಟಗಟ ನೀರು ಕುಡಿದ.
ಅತ್ತೆ ನಾಲಿಗೆಯ ಮೇಲೆ ಇಟ್ಟುಕೊಂಡು
ಮರೆತ ಹೆಸರು ನೆನೆಯುವವರ ಹಾಗೆ ಕೂತರು.
ಇವರು,
ಬೈತಖೋಲ ಬಂದರದಲ್ಲಿ ಬೋಟಿನ ಇಂಜಿನ್ನು ಬಿಚ್ಚಿ ಕಟ್ಟುವವರು,
ಉಗುರಸಂದಿಯ ಗ್ರೀಸನ್ನು ಊಟಕ್ಕೂ ಕರೆತರುವವರು,
ತಟ್ಟೆ ಪೂರ್ತಿ ಬಳಿದು ಕೇಳಿದರು:
'ಯಾವ ಹಬ್ಬ ಇವತ್ತು?'

ಮೊದಲು ನಕ್ಕದ್ದು ಅತ್ತೆ.
ಸೆರಗು ಬಾಯಿಗೆ ಒತ್ತಿ, ಕೆಮ್ಮಿ, ಮತ್ತೆ ನಕ್ಕು,
ಸಂಜೆಯೊಳಗೆ ಇಡೀ ಕೇರಿ ನಕ್ಕಿತು:
ಉಪ್ಪಿನಾಗರದ ಮಗಳಿಗೆ ಉಪ್ಪು ಗೊತ್ತಿಲ್ಲವಂತೆ!

ಅಪ್ಪ ಬೊಮ್ಮಯ್ಯ ಮೂವತ್ತೆರಡು ಬೇಸಿಗೆ
ಆಗರದಲ್ಲಿ ಹಲಗೆ ಎಳೆದವನು.
ನೀರಿನಡಿಯಿಂದ ಬಿಳುಪು ದಂಡೆಗೆ ಬರುವ ಸದ್ದು
ಅಕ್ಕಿ ತೊಳೆದ ಹಾಗೆ, ಸ್ವಲ್ಪ ಒರಟು.
ಅದಕ್ಕೇ ನಮಗೆ ಬೆಳಗಾಗುತ್ತಿತ್ತು.
ಗಂಜಿ ಒಯ್ಯುವ ಅವ್ವ ಉಪ್ಪು ಒಯ್ಯುತ್ತಿರಲಿಲ್ಲ,
ರಾಶಿಯಿಂದಲೇ ಒಂದು ಚಿಟಿಕೆ.
ರಾತ್ರಿ ಹಿಮ್ಮಡಿಯ ಬಿರುಕಿಗೆ ಅವಳು ಹೊನ್ನೆಣ್ಣೆ ಹಚ್ಚುವಾಗ
ಉರಿ ಮರೆಯಲು ಅಪ್ಪ ನಮಗೊಂದು ಒಗಟು ಹೇಳುವನು:
ನೀರಲ್ಲೇ ಹುಟ್ಟುತ್ತದೆ, ನೀರು ಮುಟ್ಟಿದರೆ ಸಾಯುತ್ತದೆ.
ಗೊತ್ತಿಲ್ಲಪ್ಪ, ಅನ್ನುತ್ತಿದ್ದೆವು ನಾನೂ ತಂಗಿಯೂ.
ಪ್ರತಿ ರಾತ್ರಿ ಗೊತ್ತಿಲ್ಲಪ್ಪ.

ಸುದ್ದಿ ಫೋನಿನಲ್ಲಿ ಅಲ್ಲಿಗೂ ಹೋಯಿತು.
ಭಾನುವಾರ ಕುಮಟೆಯ ಬಸ್ಸಿಳಿದು ಬಂದ ಅಪ್ಪ
ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ತಂದ ಚೀಲವನ್ನು
ಅಂಗಳದಲ್ಲೇ ಹಿಡಿದು ನಿಂತ.
ಬೀಗರ ಮನೆಗೆ ಯಾರಾದರೂ ಉಪ್ಪು ತರುತ್ತಾರೆಯೇ,
ತಂದರೂ ಕೈಯಿಂದ ಕೈಗೆ ಕೊಟ್ಟರೆ ಜಗಳವಂತೆ.
ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟ.
ಅತ್ತೆ ಬಗ್ಗಿ ಎತ್ತಿಕೊಂಡರು,
ಗಂಟು ಬಿಚ್ಚಿ ಒಂದು ಹರಳು ಬಾಯಿಗೆ ಹಾಕಿ
ನನ್ನ ಕಡೆ ತಿರುಗಿ, ಬಿಡಿಸಿ ಬಿಡಿಸಿ ಹೇಳಿದರು:
'ಮೀ...ಠ.'
ಅಪ್ಪ ಅಷ್ಟೇ ಗಂಭೀರವಾಗಿ: 'ಉಪ್ಪು.'
ಇಬ್ಬರು ಮೇಷ್ಟ್ರು, ಒಬ್ಬಳೇ ದಡ್ಡ ವಿದ್ಯಾರ್ಥಿನಿ.

ಅಂದಿನಿಂದ ರಾತ್ರಿಗೊಂದು ಪಾಠ.
ದೀಪ ಆರಿಸಿದ ಮೇಲೆ ಇವರದೊಂದು ಮಾತು, ನನ್ನದೊಂದು.
ಉದಕ, ನೀರು. ಪಾವಸ, ಮಳೆ.
ಮೊನ್ನೆ 'ಮೋಗ' ಅಂದರು.
ಮೊಗವೇ? ಎಂದು ಕತ್ತಲೆಯಲ್ಲಿ ಮುಖ ತೋರಿಸಿದೆ.
ಇವರು ತಿದ್ದಲಿಲ್ಲ.
ಅರ್ಥ ಮರುದಿನ ಸುದೇಶನಿಂದ ತಿಳಿಯಿತು,
ದೋಸೆಯೊಂದು ಕಾವಲಿಯ ಮೇಲೆ ಸೀದುಹೋಯಿತು.

ಇವತ್ತು ಮಧ್ಯಾಹ್ನ ನಾನೊಬ್ಬಳೇ ಮಾಡಿದ ಹುಮಣ.
ಅಪ್ಪನ ಹರಳು, ಅಂಗೈಯ ಗುಳಿಯಷ್ಟು.
ಬಾಗಿಲ ಮರೆಯಲ್ಲಿ ಸೌಟು ಹಿಡಿದೇ ನಿಂತೆ.
ಮಾವ ಬೋಟು ಇಳಿಸುವ ದಿನದ ಮಾತಾಡಿದರು,
ಸುದೇಶ ಕ್ರಿಕೆಟ್ಟಿನದು,
ಅತ್ತೆ ಪಕ್ಕದ ಮನೆಯ ಬೆಕ್ಕಿನದು.
ಉಪ್ಪಿನ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ.
ಇನ್ನಷ್ಟು ಅನ್ನ ಕೇಳಿದರು.