ತಳವಿಲ್ಲದ ಡೇರೆ

ಚೌಬಾರದ ಹಿಂದಿನ ಓಣಿಯಲ್ಲಿ
ತಾಡಪತ್ರಿ ಹೊಲಿಯುವ ಶಮಶಾದಬಿ
ಬಟ್ಟೆಗೊಮ್ಮೆ, ನನ್ನ ನೆತ್ತಿಗೊಮ್ಮೆ ಟೇಪು ಹಿಡಿದು
'ನಿಂತು ಅಂಗಿ ತೊಡೋ ಆಸಿ ಬಿಡ್ರಿ' ಅಂದಳು,
'ಗಿಡ್ಡಂದೇ ಹೊಲಿತೀನಿ.
ಎತ್ತರದ್ದು ಗಾಳಿ ಕಣ್ಣಿಗಿ ಬೀಳ್ತದ.'

ತಳ?
'ತಳ ಯಾಕ? ನೆಲ ಅದ ಅಲ್ಲ.'

ಆಷಾಢ. ಔರಾದ್ ಕಡೆಯ ಬಯಲು.
ಕೃಷ್ಣಮೃಗ ಎಣಿಸುವ ನಾಲ್ಕು ರಾತ್ರಿಗಳಲ್ಲಿ ಮೊದಲನೆಯದು.
ಗೂಟ ಮುರುಮಿನೊಳಗೆ ಎರಡು ಬೆರಳಿಳಿದು
ಬಾಗಿತು, ಮದುವೆಮನೆಯ ಚಮಚದ ಹಾಗೆ.
ಹಗ್ಗಕ್ಕೆ ಕಲ್ಲು ಕಟ್ಟಿದೆ. ಕಲ್ಲಿನ ಮೇಲೆ ಕಲ್ಲು.
ಬೆನ್ನು ಪಡುವಣಕ್ಕೆ, ಬಾಗಿಲು ಮೂಡಲಿಗೆ,
ಮೊದಲು ಗಾಳಿ ಬರುವ ಮೂಲೆ,
ಆಮೇಲೆ ಉಳಿದ ಮೂರು,
ಕಡೆಗೆ ಒಳಗೆ ತೆವಳಿ ಗಳ ಎತ್ತಿದರೆ
ಬಟ್ಟೆ ಒಮ್ಮೆ ಉಸಿರೆಳೆದು ನಿಂತಿತು.

ನಡುರಾತ್ರಿ ಗಾಳಿ ಸುತ್ತು ಬಂದು
ಒಂದೊಂದೇ ಗಂಟು ಮುಟ್ಟಿ ನೋಡಿತು,
ಸಂತೆಯಲ್ಲಿ ಎಮ್ಮೆ ಕೊಳ್ಳುವವನಂತೆ, ಅವಸರವಿಲ್ಲದೆ.
ಗಳ ತಬ್ಬಿ ಕೂತೆ.
ಶಮಶಾದಬಿಯ ಹೊಲಿಗೆ
ಬೆರಳಲ್ಲಿ ತಡವಿ ತಡವಿ ಎಣಿಸಿದೆ,
ನೂರಾ ಹನ್ನೊಂದಕ್ಕೆ ತಪ್ಪಿ ಮತ್ತೆ ಒಂದು.
ಮೃಗ ಒಂದೂ ನೆನಪಾಗಲಿಲ್ಲ.

ಯಾವಾಗ ನಿದ್ದೆ ಬಂತೋ.
ಎದ್ದಾಗ ಈಚೆಯ ಅಂಚಿನಡಿಯಿಂದ ಬಂದ ಇರುವೆಸಾಲು
ನನ್ನ ಚಪ್ಪಲಿ ಬಳಸಿ
ಆಚೆಯ ಅಂಚಿನಡಿಗೆ ಹೋಗುತ್ತಿತ್ತು.
ಅವಕ್ಕೆ ಇದು ದಾರಿ. ನಿನ್ನೆಯೂ ಇತ್ತು.

ಡೇರೆ ಮಡಚಿ ಕಂಕುಳಿಗೇರಿಸಿದೆ.
ಕೆಳಗೆ ಮಲಗಿದ್ದ ಹುಲ್ಲು
ಒಂದೊಂದೇ ಎಳೆ ಏಳತೊಡಗಿತ್ತು.
ಕಲ್ಲುಗಳನ್ನು ತಂದ ತಂದಲ್ಲೇ ಇಟ್ಟು ಬಂದೆ;
ಒಂದರ ಜಾಗ ಮಾತ್ರ ಸಿಗಲಿಲ್ಲ.
ಅದನ್ನು ಕೈಯಲ್ಲಿ ಹಿಡಿದು
ಗಾಳಿಗೆ ಬೆನ್ನು ಕೊಟ್ಟು
ಸ್ವಲ್ಪ ಹೊತ್ತು ನಿಂತಿದ್ದೆ.