ಹುಳಿ ಹಿಂಡಿದ ನೆಲ

ಅರಿಶಿನದ ಡಬ್ಬಿ ಕೈಜಾರಿತು, ಅಷ್ಟೆ.
ಸ್ವಾನೇಜಿನ ಈ ಬಾಗಿದ ಮನೆಯ ಅಡುಗೆಕೋಣೆಯಲ್ಲಿ
ನೂರೈವತ್ತು ವರ್ಷದ ಹಾಸುಗಲ್ಲಿನ ಮೇಲೆ
ಹಳದಿಯದೊಂದು ಭೂಪಟ ಬಿತ್ತು.
ನಾನು ಬುದ್ಧಿವಂತೆ. ನಿಂಬೆಹಣ್ಣು ಹೆಚ್ಚಿದೆ,
ಹಿತ್ತಾಳೆ ಚೊಂಬು ಬೆಳಗಿದ ಕೈಯಲ್ಲವೇ ಇದು,
ಮೊಣಕಾಲೂರಿ ತಿಕ್ಕಿದೆ.
ಬೆಳಿಗ್ಗೆ ನೋಡಿದರೆ ಹಳದಿ ಅಲ್ಲೇ ಇತ್ತು;
ಸುತ್ತಲ ಕಲ್ಲು ಮಾತ್ರ ಬಿಳಿಚಿ, ತರಿತರಿಯಾಗಿ,
ಜ್ವರ ಬಿಟ್ಟವರ ತುಟಿಯಂತೆ.

ಸಂಬಂಧಕ್ಕೆ ಹುಳಿ ಹಿಂಡುವುದು ಗೊತ್ತಿತ್ತು.
ಕಲ್ಲಿಗೂ ಹಿಂಡಬಹುದೆಂದು ಯಾರೂ ಹೇಳಿರಲಿಲ್ಲ.

ಮೂವರಿಗೆ ಫೋನು ಮಾಡಿದೆ.
ಒಬ್ಬ ನೋಡದೆಯೇ ಹೇಳಿದ: ಸಾವಿರದ ಎಂಟುನೂರು ಪೌಂಡು, ತೆರಿಗೆ ಬೇರೆ.
ಇನ್ನೊಬ್ಬ ಬಂದ, ಶೂ ಬಿಚ್ಚಲಿಲ್ಲ,
ಮರದ ಚಿತ್ರವಿರುವ ವಿನೈಲ್ ಹಾಸಿಬಿಡಿ, ಮುಚ್ಚಿಹೋಗುತ್ತದೆ, ಎಂದ.
ಧರಣೇಂದ್ರ ತಲೆಯಾಡಿಸುತ್ತಿದ್ದರು.
ಅವರಿಗೆ ಮುಚ್ಚಿಹೋಗುವುದೆಂದರೆ ಇಷ್ಟ.

ಮೂರನೆಯವನು ಲೆನ್ ಸ್ಟಿಕ್‌ಲ್ಯಾಂಡ್.
ಅರವತ್ತು ದಾಟಿದವನು, ಮಂಡಿಗೆ ಕಟ್ಟಿದ ರಬ್ಬರ್ ಚಿಪ್ಪು.
ಏನೂ ಕೇಳಲಿಲ್ಲ. ಬೆರಳದ್ದಿ
ಒಂದು ಹನಿ ನೀರು ಕಲ್ಲಿನ ಮೇಲೆ ಬಿಟ್ಟು
ಕೈಗಡಿಯಾರ ನೋಡುತ್ತಾ ಕೂತ.
ನಾಡಿ ಹಿಡಿದಾಗ ನಾನೂ ಹೀಗೇ ಕೂರುತ್ತೇನೆ, ವಾರ್ಡಿನಲ್ಲಿ.
ಕಲ್ಲು ಗುಟುಕರಿಸಿತು. ಹನಿ ಹೋಯಿತು.
"ಬಾಯಾರಿದೆ," ಎಂದ, "ಮೇಣ ಕಂಡು ಎಷ್ಟು ವರ್ಷವಾಯಿತೋ."
ನಿಂಬೆ ಬಿದ್ದಲ್ಲಿ ಉಗುರಿನಿಂದ ಸವರಿ:
"ಇದು ಕಲೆಯಲ್ಲ, ಮೇಡಂ. ಕಲೆ ಕೂತಿರುತ್ತದೆ. ಇಲ್ಲಿ ಕಲ್ಲನ್ನೇ ತಿಂದಿದೆ.
ಅರಿಶಿನವೇ? ಅದು ಬಿಸಿಲಿಗೆ ತಾನೇ ಹೋಗುತ್ತಿತ್ತು."
ನಾಚಿಕೆಯಾಯಿತು. ಅರಿಶಿನ ಬಿಸಿಲಿಗೆ ನಿಲ್ಲದೆಂದು
ಡಾರ್ಸೆಟ್ಟಿನವನು ನನಗೆ ಹೇಳಬೇಕೆ?

ಎರಡು ದಿನ ಯಂತ್ರ ಗುಂಯ್‌ಗುಟ್ಟಿತು.
ಇನ್ನೂರು, ನಾನೂರು, ಎಂಟುನೂರು,
ವಜ್ರದ ಬಿಲ್ಲೆಗಳ ನಂಬರು ಏರಿದಂತೆ ತರಿ ಇಳಿಯಿತು.
ನೆಲದ ತುಂಬ ಉದ್ದಿನಹಿಟ್ಟಿನಂಥ ಬೂದು ರೊಜ್ಜು.
ಅದನ್ನು ಬಳಿದು, ಒರೆಸಿ, ಕರೆದ:
"ಬನ್ನಿ, ನಿಮ್ಮ ಬಾಡಿಗೆದಾರರನ್ನು ನೋಡಿ."
ಕಲ್ಲಿನೊಳಗೆ ಸುರುಳಿ, ಸುರುಳಿಯ ಪಕ್ಕ ಸುರುಳಿ,
ಒಂದರ ಮೇಲೊಂದು ಚಿಪ್ಪು,
ಯಾವುದೋ ಕಾಲದ ಕೆರೆಯ ತಳ ಪೂರಾ.
ನನ್ನ ಅಡುಗೆಮನೆ ನಿಂತದ್ದೇ ಬಸವನಹುಳುಗಳ ಮೇಲೆ.

ನಾವು ಜೈನರು. ನೀರು ಸೋಸಿ ಕುಡಿದ ಮನೆ.
ಮೂಡಬಿದಿರೆಯ ಅಜ್ಜಿ, ಇರುವೆ ಸಾಲು ದಾಟುವವರೆಗೆ
ಹೊಸ್ತಿಲಲ್ಲಿ ಒಂಟಿಕಾಲಲ್ಲಿ ನಿಂತವಳು.
ನಾನೋ ಆರು ವರ್ಷದಿಂದ ಇವುಗಳ ಮೇಲೆ ನಿಂತು
ದೋಸೆ ಹೊಯ್ಯುತ್ತಿದ್ದೇನೆ.
"ಕೊಂದದ್ದು ನೀವಲ್ಲ," ಎಂದ ಲೆನ್, ನನ್ನ ಮುಖ ನೋಡಿ.
"ಹೊಳಪು ಕೊಡಿಸಿದ್ದು ನೀವು."
ನಮ್ಮಲ್ಲಿ ಇದಕ್ಕೆ ಎತ್ತಿನ ಹೆಸರು, ಕೊಂಬಿದೆಯಲ್ಲ, ಅದಕ್ಕೆ, ಎಂದೆ.
ಅವನು ಹಣೆಗೆ ಎರಡು ಬೆರಳಿಟ್ಟು ನಕ್ಕ.

ಬಿಲ್ಲು: ಆರುನೂರ ನಲವತ್ತು.
ಫ್ರಿಜ್ಜು ಸರಿಸಲಾಗದೆ ಉಳಿದ ಮೂಲೆಗೆ ಮೂವತ್ತು ವಜಾ.
ಜೊತೆಗೊಂದು ಚೀಟಿ, ಡಾಕ್ಟರರಿಗಿಂತ ಕೆಟ್ಟ ಅಕ್ಷರ:
ವಿನೆಗರ್ ಬೇಡ. ನಿಂಬೆ ಬೇಡ. ಬ್ಲೀಚ್ ಬೇಡವೇ ಬೇಡ.
ಮರಳು ದಿನಾ ಗುಡಿಸಿ. ಹುಳಿಯಿಲ್ಲದ ಸೋಪು, ಚೆನ್ನಾಗಿ ಹಿಂಡಿದ ಬಟ್ಟೆ.
ವರ್ಷಕ್ಕೊಮ್ಮೆ ಹನಿ ಬಿಟ್ಟು ನೋಡಿ.
ನಿಂತರೆ ನನ್ನನ್ನು ಕರೆಯಬೇಡಿ.
ಪ್ರತಿಸಲ ಉಜ್ಜಿದಾಗಲೂ ಕೂದಲೆಳೆಯಷ್ಟು ಕಲ್ಲು ಹೋಗುತ್ತದೆ.

ರಾತ್ರಿಪಾಳಿ ಮುಗಿಸಿ ಬಂದೆ. ಕೋಟು ಬಿಚ್ಚದೆ
ಸ್ಟೂಲಿನಿಂದ ಬಗ್ಗಿ ಒಂದು ಹನಿ ಬಿಟ್ಟೆ.
ನಿಂತಿತು. ದುಂಡಗೆ, ಕಿಟಕಿಯನ್ನು ಹೊತ್ತುಕೊಂಡು.
ಧರಣೇಂದ್ರ ಬಾಗಿಲಲ್ಲೇ ತಡೆದರು, ಕೈಯಲ್ಲಿ ಕಾಫಿ ಲೋಟ,
"ಇನ್ನು ಇದರ ಮೇಲೆ ನಡೆಯುವುದು ಹೇಗೆ ಮಾರಾಯ್ತಿ?"
ಹೇಗೆಂದರೆ, ಚಪ್ಪಲಿ ಬಿಚ್ಚಿ, ಎಂದೆ.

ಫ್ರಿಜ್ಜಿನ ಕೆಳಗೆ ಹಳೆಯ ನೆಲ ಹಾಗೇ ಇದೆ.
ಅಲ್ಲೊಂದಿಷ್ಟು ಅರಿಶಿನ. ಬಿಸಿಲು ತಲುಪದ ಜಾಗ.