ವರದಿ

ಚಿಕ್ಕಸಂಗಮದ ಹಿನ್ನೀರಿನಲ್ಲಿ ಲಾಂಚು ತಟತಟ.
ಮಾತಿಗೆ ಮಾತು ಬಂತು, ಹಡಗಿನದು ಹೇಳಿದೆ:
ತಿಮಿಂಗಿಲಗಳ ಕಡಲು ಹೊಗುವ ಮುನ್ನ
ದಂಡೆಗೆ ತಿಳಿಸಬೇಕು ನಾವು,
ಹೆಸರು, ಇರುವ ನೆಲೆ, ಹೋಗುವ ದಿಕ್ಕು, ವೇಗ.
ದಂಡೆಯಿಂದ ಮರುಮಾತು:
ನಿನ್ನೆ ಅಲ್ಲಿ ತಾಯಿ, ಮರಿ ಕಂಡಿವೆ. ಮೆಲ್ಲಗೆ ಬಾ.

ದುಂಡಪ್ಪ ಬೀಡಿಯ ತುದಿ ನೋಡಿದ.
‘ದಂಡಿಗೆ ಹೇಳ್ತೀರಿ, ಖರೆ.
ಅದಕ್ಕ ಯಾರು ಹೇಳ್ತಾರ್ರೀ?’

ಹದಿನಾಲ್ಕು ವರ್ಷ ಬ್ರಿಡ್ಜಿನಲ್ಲಿ ನಿಂತವನು ನಾನು,
ಲೈಫ್ ಜಾಕೆಟ್ಟಿನ ದಾರ ಬಿಗಿದುಕೊಂಡೆ.

ನಡುನೀರಲ್ಲಿ ಜಾಲಿಮುಳ್ಳಿನ ದಿಬ್ಬ,
ನೀರುನಾಯಿಗಳ ಮನೆ.
ಇಂಜಿನ್ ಬಂದ್ ಮಾಡಿ ಅವನು
ಹಲಗೆಗೆ ಬೆರಳಗೆಣ್ಣಿನಿಂದ ಮೂರು ಸಲ ಬಡಿದು
ನೀರಿಗೇ ಅಂದ:
‘ದುಂಡಪ್ಪ. ಹನ್ನೊಂದು ಮಂದಿ, ಎರಡು ಬೈಕು, ಒಂದು ಆಡು.
ಬರಾಕತ್ತೀವಿ.’

ಆಡು ಮಾತ್ರ ಕಿವಿ ನಿಮಿರಿಸಿತು.